ಆಳುಗಳಿಗೆ ಹಂಚಿದ ಗುಳಿಗೆ

ಇದನ್ನು ಹೇಳಬೇಕೆಂದು ಪ್ರತಿ ವರ್ಷ ಅಂದುಕೊಂಡಿದ್ದೇನೆ. ಬಳ್ಳಿ ಕತ್ತರಿಸುವುದು ಮುಗಿಯಲಿ, ಒಣದ್ರಾಕ್ಷಿ ಪೇಟೆಗೆ ಹೋಗಲಿ ಎಂದು ಮುಂದೂಡುತ್ತ ಬಂದೆ. ಈಗ ತೋಟ ಮಗನ ಕೈಯಲ್ಲಿದೆ. ನೆಪಗಳು ಉಳಿದಿಲ್ಲ.

ಹಂದಿಜ್ವರದ ಸುದ್ದಿ ಕಾಗವಾಡದ ತನಕ ಬಂದಿದ್ದ ವರ್ಷ ಅದು. ಹೆಂಡತಿಗೆ ಜ್ವರ, ಮೈಕೈ ನೋವು, ಒಣಕೆಮ್ಮು. ಮರುದಿನವೇ ಸೊಸೆ ಹಟ ಹಿಡಿದು ಅವಳನ್ನು ಗಡಿಯಾಚೆ ಮೀರಜಿನ ದವಾಖಾನೆಗೆ ಕರೆದೊಯ್ದಳು. ಬೇಗ ಬಂದದ್ದು ಚಲೋ ಆಯಿತು ಎಂದ ಡಾಕ್ಟರು ಒಸೆಲ್ಟಾಮಿವಿರ್ ಎಂಬ ಗುಳಿಗೆ ಬರೆದುಕೊಟ್ಟು, ಜ್ವರ ಇಳಿದರೂ ಐದು ದಿನ ಬಿಡದೆ ಕೊಡಬೇಕೆಂದು ಸೊಸೆಗೆ ತಿಳಿಸಿ ಹೇಳಿದ್ದರು.

ಎರಡು ದಿನಕ್ಕೆ ಜ್ವರ ಇಳಿಯಿತು. ಹೆಂಡತಿ ಎದ್ದು ಕೂತು ಝುಣಕ ರೊಟ್ಟಿ ಬೇಡಿದಳು. ಅಷ್ಟರಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಆಳೊಬ್ಬ ಕೆಮ್ಮತೊಡಗಿದ. ಗೊನೆಗಳನ್ನು ಕೊಯ್ದಾಗಿತ್ತು, ಆಳುಗಳು ಮಲಗಿದರೆ ಮಾಲು ಕೆಡುತ್ತಿತ್ತು. ಉಳಿದ ಗುಳಿಗೆ ಕೊಡು ಎಂದು ಸೊಸೆಯನ್ನು ಕೇಳಿದೆ.

"ಅವು ಅತ್ತಿಯಾರಿಗೆ ಬೇಕ್ರಿ ಮಾವಾರ. ಆಳಿಗೆ ಬೇಕಂದ್ರ ಅವನ್ನ ಡಾಕ್ಟರಿಗೆ ತೋರಸ್ರಿ."

"ಒಂದ ಬಳ್ಳಿಗೆ ಡಾವಣಿ ರೋಗ ಬಿದ್ರ ಒಂದಕ್ಕಷ್ಟ ಔಷಧ ಹೊಡಿತಾರೇನವಾ? ಸಾಲಿಗೆಲ್ಲಾ ಹೊಡೀಬೇಕು. ನಿನ್ನ ತವರು ಬೋರಗಾಂವದಾಗ ಬರೇ ಮಗ್ಗ, ನಿನಗೇನ್ ಗೊತ್ತು."

ಹಾಸಿಗೆಯಲ್ಲಿದ್ದ ಹೆಂಡತಿಯೂ ನಕ್ಕು, ಕೊಟ್ಟುಬಿಡು ಎಂದಳು. ಶೆಡ್ಡಿನವರಿಗೆ ಒಂದೊಂದು ಹಂಚಿ ನಾನೂ ಒಂದು ನುಂಗಿದೆ. ಅಂಥ ಒಂದೇ ಗುಳಿಗೆಯಿಂದ ಯಾರಿಗೂ ಏನೂ ಉಪಯೋಗವಾಗುವುದಿಲ್ಲವೆಂದು ಆಮೇಲೆ ತಿಳಿಯಿತು.

ಮಗ ಆಗ ತಾಸಗಾಂವದ ಪೇಟೆಗೆ ಹೋಗಿದ್ದ. ಅವನು ಮರಳುವ ಹೊತ್ತಿಗೆ ತಾಯಿಗೆ ಉಸಿರು ಸಾಲುತ್ತಿರಲಿಲ್ಲ. ಮತ್ತೆ ಮೀರಜಿಗೆ ಓಡಿದೆವು. ಗುಳಿಗೆ ಪೂರ್ತಿ ತೆಗೆದುಕೊಂಡರಾ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ಸೊಸೆ ಇಲ್ಲವೆಂದು ತಲೆಯಾಡಿಸಿ ನನ್ನ ಕಡೆ ನೋಡಿದಳು. ನಾನು ಸಲೈನ್ ಬಾಟಲಿ ನೋಡುತ್ತ ನಿಂತೆ.

"ಗುಳಿಗಿ ಕೊಡೂದೂ ನೆಪ್ಪ ಇರಲಿಲ್ಲೇನ ನಿನಗ?" ಎಂದ ಮಗ.

ಅವಳು ಅತ್ತೆಯ ಹೊದಿಕೆ ಸರಿಮಾಡಿದಳು. ಹಂಚಿದವನು ನಾನೆಂದು ನಾನು ಹೇಳಲಿಲ್ಲ.

ಹೆಂಡತಿ ಅಲ್ಲಿಂದ ಜೀವಂತ ಮರಳಲಿಲ್ಲ. ಪೂರ್ತಿ ಕೊಟ್ಟಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಡಾಕ್ಟರು. ಅದನ್ನು ಅವರು ನನಗೊಬ್ಬನಿಗೇ ಹೇಳಿದ್ದು. ಆ ಮಾತನ್ನೂ ನಾನು ಮನೆಗೆ ತರಲಿಲ್ಲ. ಮಣ್ಣಿಗೆ ಬಂದ ನೆಂಟರೆಲ್ಲ ಸೊಸೆಯ ಮರೆವನ್ನೇ ಆಡಿಕೊಂಡು ಹೋದರು.

ಈಗಲೂ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅವಳು ಗುಳಿಗೆಯನ್ನು ಎಲ್ಲರೆದುರೇ ನುಂಗಿಸುತ್ತಾಳೆ. ಆಮೇಲೆ ಖಾಲಿ ಪಾಕೀಟನ್ನು ನನ್ನ ಮುಂದೆ ಹಿಡಿದು, "ಕೊಟ್ಟೇನಿ, ನೋಡ್ರಿ," ಎನ್ನುತ್ತಾಳೆ. ದನಿಯಲ್ಲಿ ಸಿಟ್ಟಿರುವುದಿಲ್ಲ. ಸಿಟ್ಟಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತೇನೋ. ಪಾಕೀಟಿನ ಆ ಚರಚರ ಸಪ್ಪಳ ತೋಟದಲ್ಲಿ ಒಬ್ಬನೇ ಕೂತಾಗಲೂ ಕೇಳುತ್ತದೆ.

ಹೆಂಡತಿಯ ಫೋಟೋದ ಮುಂದೆ ಎಷ್ಟೋ ಸಲ ತಪ್ಪಾಯಿತು ಎಂದಿದ್ದೇನೆ. ಅದೇ ಫೋಟೋಕ್ಕೆ ದಿನಾ ಹೂವು ಏರಿಸುವವಳಿಗೆ ಒಮ್ಮೆಯೂ ಅಂದಿಲ್ಲ. ಅವಳು ನನ್ನ ಸೊಸೆ; ಸೊಸೆಯ ಮುಂದೆ ಮಾವ ತಲೆ ತಗ್ಗಿಸುವುದು ಹೇಗೆ?