ಮುಕ್ಕಾಲಿಗೆ ಸೊನ್ನೆ

ಸೀತಾಲಕ್ಷ್ಮಿಯವರ ಕೋಪ ವಿಲ್ಸನ್ ಗಾರ್ಡನ್ನಿನ ಸರ್ಕಾರಿ ಶಾಲೆಯಲ್ಲಿ ಹೆಸರಾಗಿತ್ತು. ಮೂವತ್ತೊಂದು ವರ್ಷ ಅಲ್ಲಿ ಲೆಕ್ಕ ಕಲಿಸಿದ್ದ ಅವರು ಮಕ್ಕಳಿಗಿಂತ ಜೊತೆಯ ಮೇಷ್ಟ್ರುಗಳ ಮೇಲೆ ರೇಗಿದ್ದೇ ಹೆಚ್ಚು. ನಿವೃತ್ತಿಯ ನಂತರ ಕತ್ರಿಗುಪ್ಪೆಯ ಮನೆಯಲ್ಲಿ ಸಂಜೆ ನಾಲ್ಕೈದು ಮಕ್ಕಳಿಗೆ ಪಾಠ ಹೇಳುತ್ತಿದ್ದರು.

ಒಂದು ಸಂಜೆ ಎದುರುಮನೆಯ ಅರ್ಪಿತ, ಐದನೇ ಕ್ಲಾಸಿನವಳು, ಟೆಸ್ಟ್ ಪೇಪರನ್ನು ಮಡಿಚಿ ಹಿಡಿದು ಬಂದಳು. 18/24ನ್ನು ಅತಿ ಸರಳ ರೂಪಕ್ಕೆ ತನ್ನಿ ಎಂಬ ಪ್ರಶ್ನೆ. ಹುಡುಗಿ ಮೇಲಿನದನ್ನೂ ಕೆಳಗಿನದನ್ನೂ ಆರರಿಂದ ಭಾಗಿಸಿ 3/4 ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ. ಕೆಳಗೆ, ‘ಸರಿಯುತ್ತರ: 6/8’.

“ಪರ್ವಾಗಿಲ್ಲ ಮಿಸ್, ಮುಂದಿನ್ ಸಲ ಆರು ಬೈ ಎಂಟು ಅಂತಾನೇ ಬರೀತೀನಿ,” ಎಂದಳು ಅರ್ಪಿತ.

ಆ ಮಾತಿಗೆ ಸೀತಾಲಕ್ಷ್ಮಿಯವರ ಮೈ ಉರಿದುಹೋಯಿತು. ಮರುದಿನ ಬೆಳಿಗ್ಗೆಯೇ ಅರ್ಪಿತಳ ತಾಯಿಯನ್ನು ಹೊರಡಿಸಿಕೊಂಡು ಹುಡುಗಿಯ ಶಾಲೆಗೆ ಹೋದರು.

ಲೆಕ್ಕದ ಮೇಷ್ಟ್ರು ರವಿಕುಮಾರ್ ಪೇಪರ್ ನೋಡಿದರು. “ಆನ್ಸರ್ ಕೀನಲ್ಲಿ ಹಂಗೇ ಇದೆ ಮೇಡಂ. ವರ್ಕ್‌ಬುಕ್ಕಲ್ಲೂ ಅದೇ. ನಾವು ಚೇಂಜ್ ಮಾಡೋ ಹಾಗಿಲ್ಲ.”

“ಆರೂ ಎಂಟೂ ಎರಡರಿಂದ ಹೋಗುತ್ತೋ ಇಲ್ವೋ?”

“ಹೋಗುತ್ತೆ.”

“ಮತ್ತೆ ಅದು ಹೇಗ್ರೀ ಅತಿ ಸರಳ ಆಯ್ತು? ಮುಕ್ಕಾಲು ಅನ್ನೋದು ತರಕಾರಿ ತೂಗೋರಿಗೂ ಗೊತ್ತು! ಮಗು ಕೊನೇವರೆಗೂ ಹೋಗಿದೆ. ಅರ್ಧ ದಾರೀಲಿ ನಿಂತಿರೋದು ನಿಮ್ಮ ಕೀ!”

ಸ್ಟಾಫ್‌ರೂಮಿನಲ್ಲಿ ಎಲ್ಲರೂ ತಲೆಯೆತ್ತಿದರು. ರವಿಕುಮಾರ್ ಸೊನ್ನೆಯನ್ನು ಹೊಡೆದುಹಾಕಿ ಎರಡು ಅಂಕ ಕೊಟ್ಟರು. ಅರ್ಪಿತಳ ತಾಯಿ ಎದ್ದರು. ಸೀತಾಲಕ್ಷ್ಮಿ ಏಳಲಿಲ್ಲ.

“ಇವಳೊಬ್ಬಳದ್ದಲ್ಲ. ಮನೇಲಿ ಸಹಿ ಹಾಕಿಸಿಕೊಂಡು ವಾಪಸ್ ಬಂದಿರ್ತಾವಲ್ಲ, ಎಲ್ಲಾ ಪೇಪರೂ ತನ್ನಿ.”

ಇನ್ನೂ ಹತ್ತು ಮಕ್ಕಳು 3/4 ಬರೆದು ಸೊನ್ನೆ ಪಡೆದಿದ್ದರು. ಸೀತಾಲಕ್ಷ್ಮಿ ಒಂದೊಂದನ್ನೂ ತಮ್ಮೆದುರಿಗೇ ತಿದ್ದಿಸಿದರು. ಕಟ್ಟಿನ ಅಡಿಯಲ್ಲಿ ಮನು ಎಂಬ ಹುಡುಗನ ಪೇಪರ್ ಇತ್ತು. ಅವನು ಮೊದಲು 3/4 ಎಂದೇ ಬರೆದು, ಆಮೇಲೆ ವರ್ಕ್‌ಬುಕ್ ನೆನಪಾಯಿತೋ ಏನೋ, ತಾನೇ ಅದನ್ನು ಹೊಡೆದುಹಾಕಿ 6/8 ಮಾಡಿದ್ದ. ಪೂರ್ತಿ ಅಂಕ ಸಿಕ್ಕಿತ್ತು.

“ಇದನ್ನ ಹೇಗೆ ತಿದ್ತೀರಿ?” ಎಂದು ಸೀತಾಲಕ್ಷ್ಮಿ ಅದನ್ನು ಮೇಷ್ಟ್ರ ಮುಂದಿಟ್ಟರು.

ರವಿಕುಮಾರ್ ಪೆನ್ನನ್ನು ಕೆಳಗಿಟ್ಟರು. “ಇವತ್ತು ಕ್ಲಾಸಲ್ಲಿ ನಾನೇ ಹೇಳ್ತೀನಿ ಮೇಡಂ, ತಪ್ಪು ನಂದು ಅಂತ.”

“ಹೇಳಿ,” ಎಂದರು ಸೀತಾಲಕ್ಷ್ಮಿ. “ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ.”