ಕುಟುಂಬದ ಗ್ರೂಪಿಗೆ ಬಿದ್ದ ಡಿಬೇಟು

ನಮ್ಮ ಯಜಮಾನರಿಗೆ ಒಂದು ಚಾಳಿ. ಮಗಳು ಸ್ಕೂಲಿನಲ್ಲಿ ಬಾಯಿ ತೆರೆದರೆ ಸಾಕು, ಅದನ್ನು ಫೋನಿನಲ್ಲಿ ಹಿಡಿದು ಊರಿನ ನೆಂಟರೆಲ್ಲ ಇರುವ ಗ್ರೂಪಿಗೆ ಹಾಕಬೇಕು. ನಾವಿರುವ ಅಮೆರಿಕದ ಈ ಎಡಿಸನ್ ಊರಿನಲ್ಲಿ ಈ ಚಾಳಿಯಿಲ್ಲದ ಅಪ್ಪನನ್ನು ನಾನಂತೂ ಕಂಡಿಲ್ಲ. ಆ ಗುರುವಾರವೂ ಡಿಬೇಟ್ ಮುಗಿದು ಪಾರ್ಕಿಂಗ್ ಲಾಟ್ ದಾಟುವ ಮೊದಲೇ ಹಾಕಿಬಿಟ್ಟಿದ್ದರು.

ಬಡ ದೇಶಗಳಿಗೆ ಅಮೆರಿಕ ನೆರವು ಕೊಡಬೇಕೋ ಬೇಡವೋ ಎಂಬುದು ವಿಷಯ. ಮಗಳಿಗೆ ಟೀಚರು ಕೊಟ್ಟದ್ದು ಬೇಡ ಎನ್ನುವ ಪಕ್ಷ. ಆ ಸರ್ಕಾರಗಳು ರಾಕೆಟ್ ಹಾರಿಸುತ್ತವೆ, ಚುನಾವಣೆ ಬಂದರೆ ಹಣ ಸುರಿಯುತ್ತವೆ, ಜನರ ಕಾಯಿಲೆಯನ್ನು ಮಾತ್ರ ಬೇರೆಯವರು ನೋಡಿಕೊಳ್ಳಲಿ ಎನ್ನುತ್ತವೆ ಎಂದು ಚೆನ್ನಾಗಿಯೇ ಜಾಡಿಸಿದಳು. ಮೊದಲ ಬಹುಮಾನವೂ ಬಂತು.

ಆ ಗ್ರೂಪಿನಲ್ಲಿ ನನ್ನ ಅಕ್ಕನೂ ಇದ್ದಾಳೆ. ಧಾರವಾಡದ ಸುತ್ತಲ ಹಳ್ಳಿಗಳಿಗೆ ವ್ಯಾನಿನಲ್ಲಿ ಹೋಗಿ, ಕೆಮ್ಮುವವರ ಕಫ ಪರೀಕ್ಷಿಸಿ, ಕ್ಷಯ ಇದ್ದವರನ್ನು ಆಸ್ಪತ್ರೆಗೆ ಕಳಿಸುವುದು ಅವಳ ಕೆಲಸ. ವ್ಯಾನು ಓಡುತ್ತಿದ್ದುದು ಅಮೆರಿಕದ ನೆರವಿನಲ್ಲಿ. ಅದು ನಿಲ್ಲುತ್ತದಂತೆ ಎಂಬ ಸುದ್ದಿ ಬಂದಾಗಿನಿಂದ ಅಕ್ಕ ನಿದ್ದೆಗೆಟ್ಟಿದ್ದಳು. ನಾನೂ ಕೂಡ.

"ಮೊದ್ಲು ಅದನ್ನ ಡಿಲೀಟ್ ಮಾಡ್ರೀ!" ಎಂದೆ.

"ಯಾಕೆ? ಎಷ್ಟು ಚೆನ್ನಾಗಿ ಮಾತಾಡಿದಾಳೆ..." ಎನ್ನುತ್ತಲೇ ನನ್ನ ಮುಖ ನೋಡಿದರು. ಅರ್ಥವಾಯಿತು. ಕೊಳ್ಳಿ ತೆಗೆದುಕೊಂಡು ತಲೆ ಕೆರೆದುಕೊಂಡಾಗಿತ್ತು. ಅಳಿಸುವಷ್ಟರಲ್ಲಿ, ನೋಡಿದವರ ಸಾಲಿನಲ್ಲಿ ಅಕ್ಕನ ಹೆಸರೂ ಬಂದಿತ್ತು.

ಮನೆಗೆ ಬಂದ ಮೇಲೂ ಫೋನನ್ನು ಕೈಯಿಂದ ಬಿಡಲಾಗಲಿಲ್ಲ. ಅಲ್ಲಿ ಬೆಳಗಾಗಿ, ವ್ಯಾನು ಹೊರಡುವ ಹೊತ್ತು. ಚಪಾತಿ ಸೀದು ಸ್ಮೋಕ್ ಅಲಾರ್ಮ್ ಬಡಿದುಕೊಂಡಿತು. ಅಕ್ಕ ಬೈದರೆ ಬೈಸಿಕೊಳ್ಳಬಹುದು. ಮಾತೇ ಬಿಟ್ಟರೆ?

ಕೊನೆಗೂ ವಿಡಿಯೋ ಕಾಲ್ ಬಂತು. ನನಗಿಂತ ಮುಂಚೆ ಮಗಳೇ ಎತ್ತಿದಳು.

"ದೊಡ್ಡವ್ವಾ, ಆರ್ ಯು ಮ್ಯಾಡ್? ಐ ಡಿಡಂಟ್ ಪಿಕ್ ದಟ್ ಸೈಡ್."

ಅಕ್ಕನ ಹಿಂದೆ ವ್ಯಾನು ಕಾಣುತ್ತಿತ್ತು. ಅದರ ಬಾಗಿಲಿಗೆ ಬೀಗ ಹಾಕಿತ್ತು.

"ಸಿಟ್ಟ್ಯಾಕ ಮಾಡ್ಲಿ? ನೀ ಹೇಳಿದ್ದೇನ ಸುಳ್ಳಲ್ಲ. ನಮ್ಮ ಸರಕಾರದವರ ಮಾಡಬೇಕಾಗಿತ್ತು, ಮಾಡಲಿಲ್ಲ. ಇವತ್ತಿಂದ ನಮ್ಮ ವ್ಯಾನ್ ಬಂದ್ ಆತು." ಅಕ್ಕ ಒಮ್ಮೆ ಹಿಂದಿರುಗಿ ಆ ಬೀಗ ನೋಡಿದಳು. "ಒಂದ ಮಾತು ಕೇಳ್ತೀನಿ, ಹೇಳವಾ. ಅವರು ಮಾಡೂತನಕ ಕೆಮ್ಮು ಕಾಯ್ತದೇನು? ಡಿಬೇಟಿನ್ಯಾಗ ಇದಕ್ಕೇನಂತ ಉತ್ತರಾ ಕೊಟ್ಟಿ?"

ಮಗಳು ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ.

"ನೋಬಡಿ ಆಸ್ಕ್ಡ್ ಮಿ ದಟ್, ದೊಡ್ಡವ್ವಾ," ಎಂದಳು ಸಣ್ಣ ದನಿಯಲ್ಲಿ.