ಬಿಸಿಗೆ ಚದುರದ ಗುಂಪು

ಐರೋಲಿಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಉಡುಪಿಯ ಅಕ್ಕ ಪಿಎಚ್‌ಡಿ ಮಾಡುತ್ತಿದ್ದರು. ಗಾಳಿಯಲ್ಲಿನ ಆಮ್ಲ, ಅಮೋನಿಯಾದ ಅಣುಗಳು ಹೇಗೆ ಅಂಟಿಕೊಂಡು ಗುಂಪಾಗಿ, ಕೊನೆಗೆ ಕಣ್ಣು ಉರಿಸುವ ಮಬ್ಬಾಗುತ್ತವೆ ಎಂದು ಕ್ವಾಂಟಮ್ ರಸಾಯನಶಾಸ್ತ್ರದಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕೆಲಸ. ನನಗೆ ತಿಳಿಯಲೆಂದು ಮೇಜಿನ ಮೇಲೆ ಕಡಲೆಕಾಳು ಜೋಡಿಸಿ ತೋರಿಸುತ್ತಿದ್ದರು. ಸರಿ ಕಾಣದಿದ್ದರೆ ಅಂಗೈಯಿಂದ ಎಲ್ಲವನ್ನೂ ಸರಿಸಿ, "ಇನ್ನೊಮ್ಮೆ ನೋಡುವ" ಎನ್ನುತ್ತಿದ್ದರು.

ಅಂಥದೊಂದು ಗುಂಪು ಬೇಸಿಗೆಯ ಬಿಸಿಗೆ ಚದುರುತ್ತದೆ ಎಂಬ ಅವರ ಮೊದಲ ಲೇಖನವನ್ನು ಒಂದು ವಿಜ್ಞಾನ ಪತ್ರಿಕೆ ಒಪ್ಪಿತ್ತು. ಅದೇ ವಾರ, ಅಣುಗಳು ಇನ್ನೂ ಬಿಗಿಯಾಗಿ ಕೂರುವ ಜೋಡಣೆಯೊಂದು ತಮ್ಮ ಕಣ್ತಪ್ಪಿದ್ದು ಅವರಿಗೆ ಗೊತ್ತಾಯಿತು; ಹಾಗಿದ್ದರೆ ಗುಂಪು ಬಿಸಿಗೆ ಚದುರದೆಯೂ ಇರಬಹುದು.

"ಹೇಗೂ ಒಪ್ಕೊಂಡಿದಾರಲ್ಲ, ಬಿಟ್ಬಿಡು. ಯಾರಿಗೂ ಗೊತ್ತಾಗಲ್ಲ," ಎಂದರು ಮೈಸೂರಿನವರಾದ ಅವರ ಗಂಡ. "ಇಲ್ಲಾಂದ್ರೆ ಡಿಗ್ರಿ ಇನ್ನೊಂದು ವರ್ಷ ಲೇಟಾಗತ್ತೆ."

"ಆಗ್ಲಿ ಮಾರಾಯ್ರೇ. ನಂಗೆ ಗೊತ್ತಾಯ್ತಲ್ಲ," ಎಂದ ಅಕ್ಕ, ಲೇಖನ ವಾಪಸ್ ಪಡೆಯುವ ಇಮೇಲನ್ನು ನನ್ನೆದುರೇ ಕಳಿಸಿದರು.

ವರ್ಷವಿಡೀ ಆ ಲೆಕ್ಕವನ್ನು ಮೊದಲಿನಿಂದ ಮಾಡಿದರು. ಹೊಸ ಲೇಖನ ಅಚ್ಚಾದಾಗ ಗಂಡನೇ ಅದನ್ನು ತಂದು ತೋರಿಸಿದರು. ಆ ಗುಂಪು ಬಿಸಿಗೆ ಚದುರುವುದಿಲ್ಲ ಎಂದಿತ್ತು. ಮೊದಲ ಸಲ ತಾನು ಎಲ್ಲಿ ತಪ್ಪಿದ್ದೆ ಎಂಬುದನ್ನೂ ಅಕ್ಕ ಅದರಲ್ಲೇ ಬರೆದಿದ್ದರು.